ನಲವತ್ತು ತುಂಬಿದ ಯೆಜ್ಡಿಯ ಎಫ್‌ಸಿ

ಪೆನ್ಸಿಲನ್ನು ಅಡ್ಡ ಹಿಡಿದು, ಹ್ಯಾಂಡಲಿನ ಕೆಳಗೆ ಚಾಸಿಯ ಕುತ್ತಿಗೆಯ ಮೇಲೆ ಕೊರೆದಿರುವ ಅಂಕೆಗಳ ಮೇಲೆ ಮೆಲ್ಲಗೆ ಉಜ್ಜಬೇಕು. ಉಜ್ಜಿದ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿ, ಉಗುರಿನಿಂದ ಒತ್ತಿ, ಒಂದೇ ಎಳೆತಕ್ಕೆ ಕಿತ್ತರೆ ಅಂಕೆಗಳೆಲ್ಲ ಟೇಪಿನ ಮೇಲೆ ಎದ್ದು ಬರುತ್ತವೆ. ಆ ಟೇಪನ್ನು ಎಫ್‌ಸಿಯ ಅರ್ಜಿಗೆ ಅಂಟಿಸಿ ಕೊಡಬೇಕು. ಘಟ್ಟದ ಮೇಲಿನವರಿಗೆ ಇದು ಎರಡು ನಿಮಿಷದ ಕೆಲಸ. ಮಂಗಳೂರಿನಲ್ಲಿ ಹಾಗಲ್ಲ. ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ನಲವತ್ತು ವರ್ಷ ಕಳೆದ ಗಾಡಿಯ ಅಂಕೆಗಳೊಳಗೆ ತುಕ್ಕು ಕೂತಿರುತ್ತದೆ. ಮೊದಲು ಸೀಮೆಎಣ್ಣೆಯ ಬಟ್ಟೆ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಮತ್ತೆ ಒಣಬಟ್ಟೆ. ಈ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ನಾನು ಮಾಡಿದ್ದು ಇದೇ ಕೆಲಸ. ಮೂರನೆಯ ಸಲಕ್ಕೆ ಕೊನೆಯ ಅಂಕೆಯೂ ಸ್ಪಷ್ಟವಾಗಿ ಮೂಡಿದಾಗ, ತಂದೆಯವರ ಹಳೆಯ ಪತ್ರವೊಂದು ಕೈಗೆ ಸಿಕ್ಕ ಹಾಗಾಯಿತು.

ಗಾಡಿ ತಂದೆಯವರದು. 1986ರ ಜೂನ್‌ನಲ್ಲಿ ನೋಂದಣಿಯಾದ ಯೆಜ್ಡಿ 250. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ನಾಲ್ಕು ಗೇರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹೊಸಬರು ಇದನ್ನು ನೋಡಿ ಈಗಲೂ ಬೆರಗಾಗುತ್ತಾರೆ. ಹುಟ್ಟಿದ್ದು ನಮ್ಮದೇ ಮೈಸೂರಿನ ಯಾದವಗಿರಿಯಲ್ಲಿ. ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರು 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ, ಜಯಚಾಮರಾಜ ಒಡೆಯರ್ ಅವರ ಬೆಂಬಲದಿಂದ ಬೆಳೆದು, ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲೇ ತಯಾರಿಸತೊಡಗಿತು. 1973ರಿಂದ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬೇರೆ ಕಂಪನಿಯಿಂದ ಬಂದಿವೆ. ಆದರೆ ನಮ್ಮ ಊರಿನ ಹಿರಿಯರಿಗೆ ಯೆಜ್ಡಿ ಎಂದರೆ ಮನಸ್ಸಿಗೆ ಬರುವುದು ಆ ಹಳೆಯ ಎರಡು ಸೈಲೆನ್ಸರಿನ ಟಪ್ ಟಪ್ ಸದ್ದೇ.

ಖಾಸಗಿ ಬೈಕಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಅವಧಿ ಮುಗಿಯುವ ಮುಂಚಿನ ಅರವತ್ತು ದಿನದೊಳಗೆ 25ನೇ ನಮೂನೆಯ ಅರ್ಜಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು, ಹಸಿರು ತೆರಿಗೆಯ ರಸೀದಿ ಎಲ್ಲ ಹಿಡಿದು ಗಾಡಿಯನ್ನು ನಿರೀಕ್ಷಕರ ಎದುರು ನಿಲ್ಲಿಸಬೇಕು. ಕಾಗದದಲ್ಲಿ ಇದರ ಹೆಸರು ಆರ್‌ಸಿ ನವೀಕರಣ. ಬಾಯಿಮಾತಿನಲ್ಲಿ ಎಲ್ಲರಿಗೂ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು. ನಮ್ಮ ಗಾಡಿಗೆ 2001, 2006, 2011, 2016, 2021ರಲ್ಲಿ ಆಗಿದೆ. ಈ ವರ್ಷದ್ದು ಆರನೆಯದು. ಕಳೆದ ಸಲ 300 ರೂಪಾಯಿ ಇದ್ದ ಶುಲ್ಕ ಇಪ್ಪತ್ತು ವರ್ಷ ದಾಟಿದ ಬೈಕಿಗೆ ಈಗ 2,000 ರೂಪಾಯಿ. ತಡವಾದರೆ ತಿಂಗಳಿಗೆ 300 ದಂಡ.

ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ಅನೇಕರು ಈ ದಿನವನ್ನು ಒಂದು ಕಂಟಕದ ಹಾಗೆ ಕಾಣುತ್ತಾರೆ. ಹೇಗಾದರೂ ಪಾಸಾದರೆ ಸಾಕು, ಮತ್ತೆ ಐದು ವರ್ಷ ಚಿಂತೆ ಇಲ್ಲ ಎನ್ನುತ್ತಾರೆ. ನಾನೂ ಹಾಗೆ ಎಣಿಸಿದ್ದವನೇ. 2016ರ ಮಳೆಗಾಲ ನನಗೆ ಬೇರೆ ಪಾಠ ಹೇಳಿತು.

ಆ ವರ್ಷ ಮೇ ತಿಂಗಳಲ್ಲಿ ಗಾಡಿ ಸಲೀಸಾಗಿ ಪಾಸಾಗಿತ್ತು. ಒಣಗಿದ ನೆಲದ ಮೇಲೆ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದೆ, ನಿಂತಿತು. ಜುಲೈಯ ಒಂದು ಸಂಜೆ ಎಡೆಬಿಡದ ಮಳೆ. ಕದ್ರಿ ಗುಡ್ಡದ ಇಳಿಜಾರಿನಲ್ಲಿ ರಸ್ತೆಯೇ ತೋಡಾಗಿ ಹರಿಯುತ್ತಿತ್ತು. ಮುಂದೆ ಒಂದು ರಿಕ್ಷಾ ತಟ್ಟನೆ ನಿಂತಿತು. ನಾನು ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡೂ ಹಿಡಿದೆ. ಗಾಡಿ ನಿಲ್ಲಲಿಲ್ಲ. ಡ್ರಮ್ಮಿನೊಳಗೆ ನೀರು ಹೊಕ್ಕಿತ್ತು. ಲೈನರ್ ಸವೆದು ಗಾಜಿನ ಹಾಗೆ ನುಣುಪಾಗಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿಸಿ ಮಣ್ಣಿನ ದಿಬ್ಬಕ್ಕೆ ಗಾಡಿ ಏರಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ರಿಕ್ಷಾದ ಹಿಂದಿನ ಸೀಟಿನಲ್ಲಿ ಶಾಲೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗು ತಿರುಗಿ ನನ್ನನ್ನೇ ನೋಡಿತು. ಆ ಕಣ್ಣು ಇವತ್ತಿಗೂ ನೆನಪಿದೆ. ನನ್ನ ಮನೆಯ ಕಪಾಟಿನಲ್ಲಿದ್ದ ಆರ್‌ಸಿಯ ಪ್ರಕಾರ ಆ ಗಾಡಿ 2021ರ ಜೂನ್‌ವರೆಗೆ ರಸ್ತೆಗೆ ಯೋಗ್ಯವಾಗಿತ್ತು.

ತಪ್ಪು ಗಾಡಿಯದಲ್ಲ, ತಪಾಸಣೆ ಮಾಡಿದವರದೂ ಅಲ್ಲ. ಲೈನರ್ ಬದಲಿಸಬೇಕಾಗಿದ್ದವನು ನಾನು. ಅಂದಿನಿಂದ ಎಫ್‌ಸಿಯನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು.

ಬಂದರಿನ ಹಿಂದೆ ಹಂಚಿನ ಮಾಡಿನ ಒಂದು ಗ್ಯಾರೇಜು ಉಂಟು. ಅಲ್ಲಿಯ ಮೆಕ್ಯಾನಿಕ್ ಅಣ್ಣ ಹುಡುಗನಾಗಿದ್ದಾಗಲೇ ಯೆಜ್ಡಿಗಳ ನಡುವೆ ಕೈ ಕಪ್ಪು ಮಾಡಿಕೊಂಡವರು. ಈ ಸಲ ಮಾರ್ಚ್‌ನಲ್ಲೇ ಗಾಡಿಯನ್ನು ಅವರ ಎದುರು ನಿಲ್ಲಿಸಿ, "ಅಣ್ಣ, ಜೂನಿಗೆ ಎಫ್‌ಸಿ ಉಂಟು" ಎಂದೆ.

"ಎಫ್‌ಸಿಗೆ ಮಾಡುವುದಾ, ರಸ್ತೆಗೆ ಮಾಡುವುದಾ ಮಾಷ್ಟ್ರೆ?" ಎಂದು ಕೇಳಿದರು.

"ರಸ್ತೆಗೇ ಮಾಡಿ."

"ಹಾಗಾದರೆ ಒಂದು ತಿಂಗಳು ಬಿಟ್ಟು ಹೋಗಿ. ದಿನಾ ಸಂಜೆ ಬನ್ನಿ. ನೀವೂ ನೋಡಬೇಕು."

ದಿನಾ ಸಂಜೆ ಹೋದೆ. ಆ ತಿಂಗಳಲ್ಲಿ ನೋಡಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ, ಯಾಕೆಂದರೆ ಈ ಊರಿನ ಎಷ್ಟೋ ಶೆಡ್ಡುಗಳಲ್ಲಿ ಇಂಥದೇ ಗಾಡಿಗಳು ಟಾರ್ಪಾಲು ಹೊದ್ದುಕೊಂಡು ನಿಂತಿವೆ.

ಮೊದಲು ಬಿಚ್ಚಿದ್ದು ಪೆಟ್ರೋಲ್ ಟ್ಯಾಂಕು. ಕಾಕ್ ತೆಗೆದು ಉಳಿದ ಪೆಟ್ರೋಲನ್ನು ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಗೆ ಸುರಿದು ಬೆಳಕಿಗೆ ಹಿಡಿದರು. ಅರ್ಧ ಗಂಟೆ ಕಳೆದು ನೋಡಿದರೆ ಭರಣಿಯ ತಳದಲ್ಲಿ ಬೆರಳಿನಗಲ ಬೇರೆಯದೇ ನೀರು, ಅದರಡಿಯಲ್ಲಿ ಕಾಫಿಪುಡಿಯಂಥ ತುಕ್ಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದ್ದು ಹೆಚ್ಚಾದರೆ ನೀರಿನ ಜೊತೆಗೇ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಂಗಳೂರಿನ ಗಾಳಿಯಲ್ಲಿ ತೇವಕ್ಕೆ ಬರಗಾಲವೇ ಇಲ್ಲ. ಗಾಡಿಯನ್ನು ವಾರಗಟ್ಟಲೆ ಓಡಿಸದೆ ನಿಲ್ಲಿಸಿದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಕಾಕಿನ ರಬ್ಬರ್ ವಾಷರ್ ಉಬ್ಬುತ್ತದೆ, ಪೈಪು ಗಡುಸಾಗಿ ಬಿರಿಯುತ್ತದೆ. ಕಾರ್ಬುರೇಟರಿನ ಸಣ್ಣ ಜೆಟ್ಟಿಗೆ ಒಂದು ಕಣ ತುಕ್ಕು ಸಿಕ್ಕಿಕೊಂಡರೆ ಸಾಕು, ಗಾಡಿ ಐಡ್ಲಿಂಗಿನಲ್ಲಿ ನಿಲ್ಲುವುದಿಲ್ಲ. "ಓಡುವ ಗಾಡಿಗೆ ತುಕ್ಕಿಲ್ಲ ಮಾಷ್ಟ್ರೆ. ನಿಂತದ್ದಕ್ಕೇ ಎಲ್ಲ ರೋಗ" ಎಂದರು ಅಣ್ಣ.

ಎರಡನೆಯದು ಕಿಡಿ. ಬಲಗಡೆಯ ಕವರ್ ತೆಗೆದರೆ ಡೈನಮೋ, ಅದರ ಜೊತೆಯಲ್ಲೇ ಪಾಯಿಂಟು. ಪಾಯಿಂಟಿನ ಬಾಯಿ ತೆರೆದಾಗ ನಡುವೆ 0.4 ಮಿಲಿಮೀಟರ್ ಅಂತರ ಇರಬೇಕು. ಫೈಬರಿನ ಹಿಮ್ಮಡಿ ಸವೆದ ಹಾಗೆಲ್ಲ ಅಂತರ ಕಿರಿದಾಗುತ್ತದೆ, ಕಿಡಿಯ ಹೊತ್ತು ತಪ್ಪುತ್ತದೆ, ಒದ್ದು ಒದ್ದು ಕಾಲು ಸೋಲುತ್ತದೆ. ಅದಕ್ಕಿಂತ ಕಷ್ಟದ್ದು ಕಂಡೆನ್ಸರ್. ತಣ್ಣಗಿದ್ದಾಗ ಸರಿಯಾಗಿಯೇ ಇರುತ್ತದೆ. ಎಂಜಿನ್ ಬಿಸಿಯಾಗಿ ಹತ್ತು ಹದಿನೈದು ಕಿಲೋಮೀಟರ್ ಕಳೆದ ಮೇಲೆ ಸುಮ್ಮನೆ ನಿಲ್ಲಿಸಿಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಎಂಬಂತೆ ಮತ್ತೆ ಸ್ಟಾರ್ಟ್. ತಪಾಸಣೆಯ ಹತ್ತು ನಿಮಿಷದಲ್ಲಿ ಈ ದೋಷ ಎಂದೂ ಕಾಣಿಸುವುದಿಲ್ಲ. ಪಾಯಿಂಟಿನ ನಡುವೆ ಬಿಳಿ ನೀಲಿ ಕಿಡಿ ಜಾಸ್ತಿ ಹಾರುತ್ತಿದ್ದರೆ, ಪಾಯಿಂಟಿನ ಮೊಗ ಬೇಗ ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಹೋಗುತ್ತಿದೆ ಎಂದರ್ಥ. ಅಣ್ಣ ಗ್ಯಾರೇಜಿನ ಕತ್ತಲೆಯಲ್ಲಿ ನನ್ನ ತಲೆ ಬಗ್ಗಿಸಿ ಅದನ್ನು ತೋರಿಸಿದರು.

ಮೂರನೆಯದು ಬೆಳಕು. ಆರು ವೋಲ್ಟಿನ ಗಾಡಿ. ಡೈನಮೋದ ಕಾರ್ಬನ್ ಬ್ರಷ್ ಸವೆದರೆ, ಕಮ್ಯುಟೇಟರ್ ಮಸಿ ಹಿಡಿದರೆ ಬ್ಯಾಟರಿ ತುಂಬುವುದಿಲ್ಲ. ಹೆಡ್‌ಲೈಟು ಕಾಲುದೀಪದ ಹಾಗೆ ಉರಿಯುತ್ತದೆ. ಆದರೆ ನಮ್ಮೂರಿನಲ್ಲಿ ಹತ್ತರಲ್ಲಿ ಏಳು ಸಲ ದೋಷ ಇರುವುದು ಅರ್ಥಿಂಗಿನಲ್ಲಿ ಎನ್ನುತ್ತಾರೆ ಅಣ್ಣ. ವಯರು ಚಾಸಿಗೆ ಸೇರುವ ಬೋಲ್ಟಿನಡಿ ಉಪ್ಪುಗಾಳಿಯ ತುಕ್ಕು. ಉಜ್ಜುಕಾಗದದಿಂದ ಹೊಳೆಯುವಷ್ಟು ತಿಕ್ಕಿ, ಗ್ರೀಸ್ ಹಚ್ಚಿ ಬಿಗಿದರು. ಹೊಸ ಬಲ್ಬು ಹಾಕದೆಯೇ ಗೋಡೆಯ ಮೇಲೆ ಬಿದ್ದ ಬೆಳಕು ಮೊದಲಿಗಿಂತ ಎಷ್ಟೋ ಪಾಲು ಬಿಳಿಯಾಗಿತ್ತು.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ಕ್ರ್ಯಾಂಕಿನ ಆಯಿಲ್ ಸೀಲು. ಟೂ ಸ್ಟ್ರೋಕ್ ಎಂಜಿನ್ ಉಸಿರಾಡುವುದೇ ಕ್ರ್ಯಾಂಕ್ ಕೇಸಿನ ಮೂಲಕ. ಎಡಗಡೆಯ ಸೀಲು ಗಡುಸಾಗಿ ಬಿರಿದರೆ ಗೇರ್ ಬಾಕ್ಸಿನ ಎಣ್ಣೆಯನ್ನೇ ಎಂಜಿನ್ ಹೀರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಆದರೆ ಗೇರ್ ಎಣ್ಣೆ ಇಳಿಯುತ್ತಲೇ ಇರುತ್ತದೆ, ಹಿಂದಿನಿಂದ ದಟ್ಟ ಬಿಳಿ ಹೊಗೆ. ಬಲಗಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ತಾನಾಗಿ ರೇಸ್ ಆಗುತ್ತದೆ, ಬಿಸಿಯೇರಿ ಪಿಸ್ಟನ್ ಜಾಮ್ ಆಗುವ ಅಪಾಯ. ಹೊಗೆ ಬಂದ ಕೂಡಲೇ ಕಾರ್ಬುರೇಟರ್ ತಿರುಪುವವರೇ ಹೆಚ್ಚು. ಗೇರ್ ಎಣ್ಣೆ ಎಷ್ಟಿದೆ ಎಂದು ಮೊದಲು ನೋಡಬೇಕು. ನಮ್ಮ ಗಾಡಿಯಲ್ಲಿ ಎಡಗಡೆಯ ಸೀಲು ಹೋಗುವುದರಲ್ಲಿತ್ತು, ಎರಡನ್ನೂ ಬದಲಿಸಿದೆವು.

ಹೊಗೆಗೆ ಇನ್ನೊಂದು ಕಾರಣ ನಾವೇ ಸುರಿಯುವ ಎಣ್ಣೆ. ಮೊದಲೆಲ್ಲ ಬಂಕಿನಲ್ಲಿ ಟೂಟಿ ಆಯಿಲಿನ ಪಂಪು ಇರುತ್ತಿತ್ತು. ಕೇಳಿದಷ್ಟು ಅಳೆದು ಹಾಕುತ್ತಿದ್ದರು. ಈಗ ಅದು ಅಪರೂಪ, ಬಾಟಲಿ ನಾವೇ ಒಯ್ಯಬೇಕು. ಇಪ್ಪತ್ತೈದಕ್ಕೆ ಒಂದರ ಲೆಕ್ಕದಲ್ಲಿ ಲೀಟರಿಗೆ 40 ಮಿಲಿಲೀಟರ್. ಕಣ್ಣಂದಾಜಿನಲ್ಲಿ ಸುರಿದು ಅದು 60 ಆದರೆ ಪ್ಲಗ್ಗು ಕಪ್ಪಾಗುತ್ತದೆ, ಸೈಲೆನ್ಸರಿನೊಳಗಿನ ಜಾಲರಿಗೆ ಮಸಿ ಕಟ್ಟುತ್ತದೆ. ಮಸಿ ಕಟ್ಟಿದ ಸೈಲೆನ್ಸರಿನ ಗಾಡಿ ಮೂಗು ಕಟ್ಟಿದ ಮನುಷ್ಯನ ಹಾಗೆ, ಏರಿನಲ್ಲಿ ಏದುಸಿರು. ನಮ್ಮ ಗಾಡಿಯ ಎರಡು ಸೈಲೆನ್ಸರಿನಿಂದ ಉದುರಿಸಿದ ಮಸಿ ಒಂದು ತೆಂಗಿನ ಚಿಪ್ಪು ತುಂಬ ಇತ್ತು.

ಕ್ಲಚ್ಚಿನ ಬಗ್ಗೆ ಒಂದು ಮಾತು. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುವ ಏರ್ಪಾಡಿದೆ. ಜಾಣ ಏರ್ಪಾಡು, ಆದರೆ ಅದರ ಸೆಟ್ಟಿಂಗ್ ಮತ್ತು ಕೇಬಲಿನ ಸೆಟ್ಟಿಂಗ್ ಎರಡೂ ಹೊಂದಬೇಕು. ಹೊಂದದಿದ್ದರೆ ಒಂದೋ ಕ್ಲಚ್ ಜಾರುತ್ತದೆ, ಇಲ್ಲವೇ ನ್ಯೂಟ್ರಲ್ ಸಿಗುವುದಿಲ್ಲ. ಗೊತ್ತಿಲ್ಲದವರ ಕೈಯಲ್ಲಿ ಈ ಗಾಡಿ ಕೆಟ್ಟ ಹೆಸರು ಪಡೆದದ್ದು ಇದರಿಂದಲೇ. ಚೈನಿನ ವಿಷಯದಲ್ಲಿ ಮಾತ್ರ ಮೈಸೂರಿನವರಿಗೆ ಕೈಮುಗಿಯಬೇಕು. ಪೂರ್ತಿ ಮುಚ್ಚಿದ ಚೈನ್ ಕೇಸು. ನಮ್ಮ ಮಳೆಗಾಲದ ಕೆಸರು ಒಂದು ಚೂರೂ ಒಳಹೊಗುವುದಿಲ್ಲ. ಮಂಗಳೂರಿಗೆಂದೇ ಮಾಡಿದ ಹಾಗಿದೆ.

ಉಳಿದದ್ದು ಹ್ಯಾಂಡಲಿನ ಕೋನ್ ಸೆಟ್, ಮುಂದಿನ ಫೋರ್ಕಿನ ಸೀಲು, ಹಿಂದಿನ ಸ್ವಿಂಗ್ ಆರ್ಮಿನ ಬುಷ್ಷು, ತುಕ್ಕು ಹಿಡಿದ ಎಂಟು ಸ್ಪೋಕು. ಮುಂದಿನ ಚಕ್ರವನ್ನು ಮೇಲೆತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದಾಗ ನಡುವಿನಲ್ಲಿ ಎಲ್ಲೋ ಕಟ್ ಎಂದು ಕಚ್ಚಿದರೆ ಕೋನ್ ಸೆಟ್ ಗುಂಡಿ ಬಿದ್ದಿದೆ ಎಂದರ್ಥ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಕೊನೆಗೆ ಬ್ರೇಕು. ನಾಲ್ಕು ಲೈನರೂ ಹೊಸದು. ಡ್ರಮ್ಮಿನೊಳಗಿನ ಕ್ಯಾಮಿಗೆ ತುಕ್ಕು ತೆಗೆದು ಗ್ರೀಸು. ಎರಡು ಹೊಸ ಕೇಬಲು. ಅದರಲ್ಲಿ ಒಂದನ್ನು ಅಣ್ಣ ನನ್ನ ಕೈಯಲ್ಲೇ ಹಾಕಿಸಿದರು.

ಈ ನಡುವೆ ಎಮಿಷನ್ ಪರೀಕ್ಷೆ ಆಯಿತು. 2000ದ ಮಾರ್ಚ್ ಕೊನೆಯವರೆಗೆ ತಯಾರಾದ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡ 4.5, ಹೈಡ್ರೋಕಾರ್ಬನ್ ದಶಲಕ್ಷಕ್ಕೆ 9,000 ಮಿತಿ. ಹೊಸ ಗಾಡಿಗಳಿಗೆ ಹೋಲಿಸಿದರೆ ಉದಾರವಾದ ಮಿತಿ ಅದು. ಸೀಲು ಬದಲಾಗಿ, ಎಣ್ಣೆಯ ಅಳತೆ ಸರಿಯಾಗಿ, ಸೈಲೆನ್ಸರ್ ಶುದ್ಧವಾದ ಮೇಲೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿಕೊಂಡು ಹೋದೆ. ಎರಡೂ ಅಂಕೆ ಮಿತಿಯೊಳಗೇ ಬಂದವು. ಹಳೆಯ ಗಾಡಿ ಹೊಗೆ ಕಾರಲೇಬೇಕು ಎಂಬ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ನಾವು ಉಸಿರಾಡುವ ಗಾಳಿಯನ್ನೇ ನಮ್ಮ ನೆರೆಯವರೂ ಉಸಿರಾಡುವುದು. ಗಾಡಿಯ ಮೇಲಿನ ಪ್ರೀತಿ ಅವರ ಕೆಮ್ಮಿಗೆ ಕಾರಣ ಆಗಬಾರದು.

ಮೇ ತಿಂಗಳ ಒಂದು ಬೆಳಿಗ್ಗೆ ತಪಾಸಣೆ. ಮೋಟಾರು ವಾಹನ ನಿರೀಕ್ಷಕರನ್ನು ನಮ್ಮ ತಂದೆಯ ಕಾಲದವರು ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತಿದ್ದರು. ಎಷ್ಟು ಸರಿಯಾದ ಹೆಸರು! ಎಂಜಿನ್ ನಂಬರು, ಚಾಸಿ ನಂಬರು ತಾಳೆ ನೋಡಿದರು. ಹೆಡ್‌ಲೈಟು, ಡಿಮ್ಮು, ಹಿಂದಿನ ಕೆಂಪು ದೀಪ, ಬ್ರೇಕ್ ಲೈಟು, ಇಂಡಿಕೇಟರ್, ಹಾರ್ನು, ಕನ್ನಡಿ, ಹೊಸ ನಮೂನೆಯ ನಂಬರ್ ಪ್ಲೇಟು. ಬಗ್ಗಿ ಟಯರಿನ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಸ್ವಲ್ಪ ಓಡಿಸಿ ಬ್ರೇಕ್ ಹಾಕಿ ತೋರಿಸಿ ಸರ್" ಎಂದರು. ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಲ್ಲಿದ್ದ ಹುಡುಗರು ಮೊಬೈಲು ಜೇಬಿಗಿಟ್ಟು ನೋಡಿದರು. ಹೋಗಿ ತಿರುಗಿ ಬಂದು ಬ್ರೇಕ್ ಹಿಡಿದೆ. ಗಾಡಿ ಮುಂದಕ್ಕೆ ತಲೆ ಬಗ್ಗಿಸಿ, ನೇರಕ್ಕೆ ನಿಂತಿತು. "ಚೆನ್ನಾಗಿ ಇಟ್ಟಿದ್ದೀರಿ" ಎಂದು ಅವರು ಸಹಿ ಮಾಡಿದರು. ಎಲ್ಲ ಸೇರಿ ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ ಅವರು ನೋಡಿದ್ದು ಸರಿಯಾಗಿಯೇ ಇತ್ತು. ಆದರೆ ಕಂಡೆನ್ಸರ್ ಅವರಿಗೆ ಕಾಣುವುದಿಲ್ಲ, ಆಯಿಲ್ ಸೀಲು ಕಾಣುವುದಿಲ್ಲ, ಟ್ಯಾಂಕಿನ ತಳದ ನೀರು ಕಾಣುವುದಿಲ್ಲ, ಡ್ರಮ್ಮಿನೊಳಗಿನ ಲೈನರು ಕಾಣುವುದಿಲ್ಲ. ಕಾಣದ್ದು ಅವರ ಲೋಪವಲ್ಲ. ಗಾಡಿ ಬಿಚ್ಚದೆ ಯಾರಿಗೂ ಅದು ಕಾಣದು. ಅದನ್ನು ಬಲ್ಲವನು ದಿನಾ ಗಾಡಿ ಓಡಿಸುವವನು ಮಾತ್ರ. ಸದ್ದು ಬದಲಾದದ್ದು, ಬ್ರೇಕ್ ಪೆಡಲು ಅರ್ಧ ಇಂಚು ಕೆಳಗಿಳಿದದ್ದು, ಹೊಗೆಯ ಬಣ್ಣ ತಿರುಗಿದ್ದು ಅವನ ಕಿವಿಗೆ, ಕಾಲಿಗೆ, ಕಣ್ಣಿಗೆ ಮೊದಲು ತಿಳಿಯುತ್ತದೆ. ಯೆಜ್ಡಿಯಂಥ ಗಾಡಿಯ ಗುಣವೇ ಅದು. ಹೇಳದೆ ಕೈಕೊಡುವುದು ಬಹಳ ಕಡಿಮೆ. ವಾರಗಟ್ಟಲೆ ಮೊದಲೇ ಹೇಳುತ್ತದೆ. ಕೇಳಿಸಿಕೊಳ್ಳುವವರು ಬೇಕು.

ಇಂಥ ತಪಾಸಣೆ ಬೇರೆ ಕಡೆಯೂ ಉಂಟು. ಬ್ರಿಟನ್ನಿನಲ್ಲಿ ರಸ್ತೆ ಯೋಗ್ಯತೆಯ ಪರೀಕ್ಷೆ ಶುರುವಾದದ್ದು 1960ರಲ್ಲಿ, ಮೈಸೂರಿನಲ್ಲಿ ಐಡಿಯಲ್ ಜಾವಾ ಶುರುವಾದ ವರ್ಷವೇ. ಈಗ ಅಲ್ಲಿ ಮೂರು ವರ್ಷ ತುಂಬಿದ ಬೈಕಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ. ನಲವತ್ತು ದಾಟಿ ಹೆಚ್ಚಿನ ಬದಲಾವಣೆ ಕಾಣದ ಗಾಡಿಗಳಿಗೆ 2018ರಿಂದ ವಿನಾಯಿತಿ. ನಮ್ಮಲ್ಲಿ ಐವತ್ತು ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಆದರೆ ಅವು ದಿನನಿತ್ಯದ ಓಡಾಟಕ್ಕಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ. ನಮ್ಮ ಯೆಜ್ಡಿ ಇನ್ನೂ ಮೀನು ಮಾರ್ಕೆಟಿಗೆ ಹೋಗುವ, ಉಳ್ಳಾಲದ ನಂಟರ ಮನೆಗೆ ನೇತ್ರಾವತಿ ಸೇತುವೆ ದಾಟುವ ಗಾಡಿ. ಅದಕ್ಕೆ ವಿನಾಯಿತಿ ಬೇಡ. ವಯಸ್ಸಾದ ಗಾಡಿಗೆ ತಪಾಸಣೆ ಕಡಿಮೆಯಲ್ಲ, ಹೆಚ್ಚು ಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಐದು ವರ್ಷ ಎಂದರೆ ಐದು ಮಳೆಗಾಲ. ಯಾವ ಲೈನರೂ, ಯಾವ ಕೇಬಲೂ ಆರ್‌ಸಿಯ ತಾರೀಕು ನೋಡಿ ಬಾಳುವುದಿಲ್ಲ.

ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ನನ್ನದೊಂದು ಬೇಡಿಕೆ. ಎಫ್‌ಸಿಯ ದಿನ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸಬೇಡಿ, ನೀವೇ ಹೋಗಿ. ಅದಕ್ಕಿಂತ ಮೊದಲು ಗ್ಯಾರೇಜಿನಲ್ಲಿ ನಾಲ್ಕು ಸಂಜೆ ಕೂತು ನೋಡಿ. ಪ್ರತಿ ವರ್ಷ ಮೊದಲ ಮಳೆ ಬೀಳುವ ಮುಂಚೆ ಎರಡು ಡ್ರಮ್ಮು ಬಿಚ್ಚಿಸಿ, ಅರ್ಥಿಂಗ್ ತಿಕ್ಕಿಸಿ, ಗೇರ್ ಎಣ್ಣೆ ಅಳೆಸಿ, ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಭರಣಿಗೆ ಸುರಿದು ಬೆಳಕಿಗೆ ಹಿಡಿಯಿರಿ. ಮಳೆಯಲ್ಲಿ ನೆನೆದ ಮೇಲೆ ಮನೆ ಸೇರುವ ಮುನ್ನ ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಬ್ರೇಕ್ ಒತ್ತಿ ಡ್ರಮ್ಮು ಒಣಗಿಸಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಎದುರು ಹೋಗುವ ರಿಕ್ಷಾದಲ್ಲಿ ಯಾರದೋ ಮಗು ಕೂತಿರುತ್ತದೆ ಎಂಬ ನೆನಪು ಸಾಕು.

ಹೊಸ ಆರ್‌ಸಿಯಲ್ಲಿ ನಮ್ಮ ಗಾಡಿಗೆ 2031ರ ಜೂನ್‌ವರೆಗೆ ಅವಧಿ ಇದೆ. ಬಂದರಿನ ಹಿಂದಿನ ಗ್ಯಾರೇಜಿನಲ್ಲಿ ಬರುವ ವರ್ಷದ ಮೇ ತಿಂಗಳ ಮೊದಲ ವಾರವನ್ನು ಈಗಲೇ ಹೇಳಿಟ್ಟು ಬಂದಿದ್ದೇನೆ.